ಮೊಳೆ ಹಿಡಿದ ಹಲಗೆ

ಔರಾದಿನ ಓದುವ ಕೋಣೆಯಲ್ಲಿ ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಮ್ ಅವರ ಶ್ರದ್ಧಾಂಜಲಿ ಸಭೆ ನಡೆದಾಗ ನಾಲ್ಕು ಜನ ಮಾತಾಡಿದರು, ನಾಲ್ಕೂ ಜನ ಸುಳ್ಳು ಹೇಳಿದರು. ಒಬ್ಬರು ಅವರನ್ನು ಸೌಮ್ಯ ಸ್ವಭಾವದವರು ಎಂದರು. ಇನ್ನೊಬ್ಬರು ತಾಳ್ಮೆಯ ಮೂರ್ತಿ ಎಂದರು. ಮೂರನೆಯವರು, ಯಾರ ಮನಸ್ಸನ್ನೂ ನೋಯಿಸದ ಜೀವ ಎಂದು ಕಣ್ಣು ಒರೆಸಿಕೊಂಡರು. ಹೀಗೆ ಕಣ್ಣು ಒರೆಸಿಕೊಂಡವರನ್ನೇ ಮೇಡಮ್ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರೆದುರು ಝಾಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಲ್ಕನೆಯವರು ಓದುವ ಕೋಣೆಯ ಸಮಿತಿಯ ಅಧ್ಯಕ್ಷರು. ಅವರು, "ಮೇಡಮ್ ಅವರಿಗೆ ನಾವು ಮೊದಲಿನಿಂದಲೂ ಬೆಂಬಲವಾಗಿ ನಿಂತಿದ್ದೆವು" ಎಂದರು. ಆಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತಲೆಯೆತ್ತಿ ಛಾವಣಿ ನೋಡಿದೆ. ಛಾವಣಿಗೆ ಬಡಿದಿದ್ದ ಬೂದು ಹಲಗೆಗಳೆಲ್ಲ ಮೇಡಮ್ ಮಾಡಿದವು.

ನನ್ನನ್ನೂ ಮಾತಾಡಲು ಕರೆದರು. ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಂಡೆ. ಗಂಟಲು ಸರಿಯಾಗಿಯೇ ಇತ್ತು, ತಲೆ ಕೆಟ್ಟಿತ್ತು. ಅಲ್ಲಿ ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಮಾತ್ರ ಬರೆಯುವುದಿಲ್ಲ. ತಾವು ಮಾಡಿದ ಹಲಗೆಯ ಮೇಲೂ ಹೆಸರು ಹೊಡೆಸಲು ಅವರು ಬಿಟ್ಟವರಲ್ಲ. ಯಾಕೆಂದು ನಾನೊಮ್ಮೆ ಕೇಳಿದ್ದೆ.

"ಹೆಸರ ಓದಿ ಹಲಗಿ ಛಲೋ ಅದ ಅನ್ನೋರು ಇರ್ತಾರ ಸರ್, ಹೆಸರ ಓದಿ ಖರಾಬ್ ಅದ ಅನ್ನೋರೂ ಇರ್ತಾರ. ಇಬ್ಬರೂ ನನಗ ಬ್ಯಾಡ. ಮೊಳಿ ಬಡದು ನೋಡೋರು ಬೇಕು."

ನಾನು ಭಾಲ್ಕಿಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ, ಅವರು ಕೆಮಿಸ್ಟ್ರಿ. ಇಬ್ಬರ ಮನೆಯೂ ಬೀದರಿನ ಮೈಲೂರಿನಲ್ಲಿ, ಎರಡು ಓಣಿಯ ಆಚೀಚೆ. ಹೀಗಾಗಿ ದಿನವೂ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಕುಳ್ಳಗಿನ ಹೆಂಗಸು, ಆದರೆ ಹೆಜ್ಜೆ ಎಷ್ಟು ದೊಡ್ಡದೆಂದರೆ ಜೊತೆಗೆ ನಡೆಯುವವರು ಓಡಬೇಕಾಗುತ್ತಿತ್ತು. ಹೆಗಲಿಗೆ ಯಾವಾಗಲೂ ಒಂದು ದಪ್ಪ ಕ್ಯಾನ್ವಾಸ್ ಚೀಲ. ಅದರಲ್ಲಿ ಊಟದ ಡಬ್ಬಿ, ನೀರಿನ ಬಾಟ್ಲಿ, ಮುಂದೆ ಹಲಗೆಯ ಹುಚ್ಚು ಹತ್ತಿದ ಮೇಲೆ ಒಂದು ಸುತ್ತಿಗೆ ಮತ್ತು ಹಿಡಿ ಮೊಳೆ. ಸಂಜೆ ಬಾಟ್ಲಿಯಲ್ಲಿ ಗುಟುಕು ನೀರು ಉಳಿದರೂ ಚೆಲ್ಲುತ್ತಿರಲಿಲ್ಲ. ಸ್ಟಾಫ್ ರೂಮಿನ ಕುಂಡಕ್ಕೆ ಹಾಕಿಯೇ ಬಸ್ಸಿಗೆ ಹೊರಡುತ್ತಿದ್ದರು. ಬಸ್ಸು ಹಾರನ್ ಹೊಡೆಯುತ್ತಿದ್ದರೂ ಅಷ್ಟೇ. ಇದು ಅವರ ಚಾಳಿ ಎಂದು ನಾವು ನಗುತ್ತಿದ್ದೆವು.

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರ ಊರು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. ಒಂದು ದಿನ ಇಸ್ತ್ರಿ ಶರ್ಟಿನ ನೌಕರನೊಬ್ಬ ಅವರ ಪಕ್ಕ ಕೂತಿದ್ದ.

"ಯಾವ ಊರ್ರಿ ಮೇಡಮ್?"

"ಮೆಹಕರ. ಭಾಲ್ಕಿ ತಾಲೂಕ."

"ಮೆಹಕರದಾಗ ಯಾರ ಪೈಕಿರಿ?"

"ಬೌದ್ಧರು," ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿ, ಅವನ ಕಡೆ ಪೂರ್ತಿ ತಿರುಗಿದರು. "ಈಗ ಏನ್ ಮಾಡ್ತೀರಿ? ಕುಂದ್ರತೀರೋ, ಏಳ್ತೀರೋ? ಏಳೋದಿದ್ರ ಜಲ್ದಿ ಏಳ್ರಿ, ನನ್ನ ಚೀಲ ಇಡಬೇಕು."

ಅವನು ಕೂತೇ ಇದ್ದ, ಬೀದರ್ ಬರುವ ತನಕ ಕಿಟಕಿಯಾಚೆ ನೋಡುತ್ತ. ಇಳಿಯುವಾಗ ಇವರು ಅವನಿಗೆ "ಬರ್ತೇನ್ರಿ" ಎಂದು ಹೇಳಿ ಇಳಿದರು. ಸೌಮ್ಯ ಸ್ವಭಾವವಂತೆ!

ಅವರ ಬಾಯಲ್ಲಿ ಯಾವಾಗಲೂ ಒಂದೇ ಮಾತು ಸಿದ್ಧವಾಗಿರುತ್ತಿತ್ತು: "ಯಾರ ಹೇಳ್ಯಾರ್ರಿ? ಮಾಡಿ ನೋಡ್ಯಾರೇನು?" ಹೆಣ್ಣುಮಕ್ಕಳ ಕೈಗೆ ಗಟ್ಟಿ ಆ್ಯಸಿಡ್ ಕೊಡಬೇಡಿ ಎಂದ ಪ್ರಿನ್ಸಿಪಾಲರಿಗೂ ಅದೇ, ಮಧ್ಯಾಹ್ನ ಮೊಸರು ತಿಂದರೆ ನಿದ್ದೆ ಬರುತ್ತದೆ ಎಂದ ನನಗೂ ಅದೇ.

ಹಲಗೆಯ ಕಥೆ ಶುರುವಾದದ್ದು ಔರಾದಿನ ಇದೇ ಕೋಣೆಯಲ್ಲಿ. ಪರೀಕ್ಷೆಗೆ ಓದುವ ಹುಡುಗಿಯರಿಗೆಂದು ಊರ ಕೆಲವರು ಸಮಿತಿ ಮಾಡಿಕೊಂಡು ಕಟ್ಟಿಸಿದ ಕೋಣೆ, ಮೇಲೆ ತಗಡು. ಬೇಸಿಗೆಯಲ್ಲಿ ಪಾಠ ಹೇಳಲು ಇವರನ್ನು ಕರೆಸಿದ್ದರು, ಜೊತೆಗೆ ನನ್ನನ್ನೂ. ಹೊತ್ತು ನೆತ್ತಿಗೆ ಬರುವುದರೊಳಗೆ ಹುಡುಗಿಯರು ದುಪಟ್ಟಾ ನೀರಲ್ಲಿ ಅದ್ದಿ ತಲೆಗೆ ಸುತ್ತಿಕೊಂಡರು. ಊಟದ ಹೊತ್ತಿಗೆ ಪುಸ್ತಕ ಕಟ್ಟಿ ಎದ್ದರು. ಮಧ್ಯಾಹ್ನದ ಪಾಠಕ್ಕೆ ಒಬ್ಬಳೂ ತಿರುಗಿ ಬರಲಿಲ್ಲ.

"ಬಿಸಿಲ ಇಳದ ಮ್ಯಾಲ ಬರ್ತಾರ ಬಿಡ್ರಿ," ಎಂದೆ ನಾನು.

"ಬರಂಗಿಲ್ಲ ಸರ್. ಮಧ್ಯಾಹ್ನ ಮನಿಗೆ ಹೋದ ಹುಡುಗಿ ಅಂದ್ರ ಮುಗೀತು. ರೊಟ್ಟಿ ಅದಾವು, ಭಾಂಡಿ ಅದಾವು, ತಮ್ಮನ್ನ ನೋಡಕೋಬೇಕು. ಈ ತಗಡ ಅದಲ್ಲ, ಇದು ಆ ಹುಡುಗ್ಯಾರ ಅರ್ಧ ದಿನ ತಿಂತದ."

ಅಂದಿನಿಂದ ಅವರ ತಲೆಗೆ ಅದೊಂದೇ ಹೊಕ್ಕಿತು: ತಗಡಿನ ಕೆಳಗೆ ಬಿಸಿ ತಡೆಯುವ ಛತ್ತು ಬೇಕು. ಸಮಿತಿಯವರು ಹಿಂದೆ ಪ್ಲೈವುಡ್ ಹಾಕಿಸಿದ್ದರು, ಗೆದ್ದಲು ತಿಂದಿತ್ತು. ಪಿಒಪಿ ಹಾಕಿಸಿದ್ದರು, ಮೊದಲ ಮಳೆಗಾಲಕ್ಕೇ ತಗಡು ಸೋರಿ ಅದು ಕಳಚಿ ಬಿದ್ದಿತ್ತು. ಮರದ ಸುರುಳಿಯನ್ನು ಸಿಮೆಂಟಿನಲ್ಲಿ ಕಲಸಿ ಒತ್ತಿ ಹಲಗೆ ಮಾಡುತ್ತಾರೆ, ಅದಕ್ಕೆ ಗೆದ್ದಲು ಹತ್ತುವುದಿಲ್ಲ, ಬಿಸಿ ಅಷ್ಟಾಗಿ ಇಳಿಯುವುದಿಲ್ಲ ಎಂದು ಇವರು ಎಲ್ಲೋ ಓದಿದ್ದರು. ಮೈಲೂರಿನ ಬಡಗಿಯ ಅಂಗಡಿಯಿಂದ, ರಂದಾ ಹೊಡೆದಾಗ ಉದುರುವ ಸುರುಳಿಯನ್ನು ಚೀಲದಲ್ಲಿ ತುಂಬಿಕೊಂಡು ಬಂದರು. ಕಾಲೇಜಿನ ಲ್ಯಾಬಿನಲ್ಲಿ ಸಿಮೆಂಟು ಕಲಸಿ ಡಬ್ಬಿಯ ಮುಚ್ಚಳದಲ್ಲಿ ಒತ್ತಿಟ್ಟರು. ವಾರ ಕಳೆದರೂ ಅದು ಗಟ್ಟಿಯಾಗಲಿಲ್ಲ. ಚಿವುಟಿದರೆ ಹಳೆಯ ರೊಟ್ಟಿಯ ಹಾಗೆ ಪುಡಿಯಾಯಿತು.

ಕಾಲೇಜಿನ ಗೋಡೆ ರಿಪೇರಿಗೆ ಬಂದಿದ್ದ ಗೌಂಡಿ ಅದನ್ನು ನೋಡಿ ನಕ್ಕ. "ಕಟ್ಟಿಗಿ, ಸಿಮೆಂಟ ಕೂಡಂಗಿಲ್ರಿ ಮೇಡಮ್. ಅದು ಮರದ್ದು, ಇದು ಕಲ್ಲಿಂದು."

"ಯಾರ ಹೇಳ್ಯಾರ? ಮಾಡಿ ನೋಡ್ಯಾರೇನು?"

"ನೀವೇ ಈಗ ಮಾಡಿ ನೋಡೀರಲ್ರಿ."

"ಒಂದ ಸಲ ಮಾಡಿದ್ದು ಮಾಡಿದ್ದಲ್ಲ," ಎಂದು ಮುಚ್ಚಳ ತೊಳೆಯಲು ಎದ್ದರು.

ಆ ವರ್ಷ ಬಸ್ಸಿನಲ್ಲಿ ನಾನು ಕಲಿತಷ್ಟು ಕೆಮಿಸ್ಟ್ರಿಯನ್ನು ನಮ್ಮ ಹುಡುಗರು ಕ್ಲಾಸಿನಲ್ಲೂ ಕಲಿತಿರಲಾರರು. ಮರದೊಳಗೆ ಸಕ್ಕರೆ ಇರುತ್ತದಂತೆ, ಚೊಗರೂ ಇರುತ್ತದಂತೆ. ಸಿಮೆಂಟಿನ ಜೊತೆ ಒದ್ದೆಯಾದ ಕೂಡಲೇ ಅವು ಹೊರಗೆ ಬರುತ್ತವೆ. ಬಂದು ಸಿಮೆಂಟಿನ ಕಣಗಳಿಗೆ ಮೆತ್ತಿಕೊಳ್ಳುತ್ತವೆ. ಹಾಗೆ ಮೆತ್ತಿದ ಸಿಮೆಂಟು ನೀರು ಕುಡಿದು ಗಟ್ಟಿಯಾಗುವುದನ್ನೇ ಬಿಟ್ಟುಬಿಡುತ್ತದೆ.

"ಅಂದ್ರ ತಪ್ಪು ಕಟ್ಟಿಗೀದು ಅಂದಂಗಾಯ್ತು," ಎಂದೆ.

"ಕಟ್ಟಿಗೀದೂ ತಪ್ಪಿಲ್ಲ, ಸಿಮೆಂಟಿಂದೂ ತಪ್ಪಿಲ್ಲ. ಕಲಸೋರು ಅವಸರ ಮಾಡ್ತಾರ. ಕಟ್ಟಿಗಿ ಮೊದಲ ತೊಳೀಬೇಕು."

ತೊಳೆಯುವುದು ಹೇಗೆ ಎಂಬುದಕ್ಕೇ ವರ್ಷ ಹಿಡಿಯಿತು. ಲ್ಯಾಬಿನ ಕಿಟಕಿಯಲ್ಲಿ ಚಹಾದ ಗ್ಲಾಸುಗಳ ಸಾಲು ನಿಂತಿತು: ಒಂದರಲ್ಲಿ ತಣ್ಣೀರಲ್ಲಿ ನೆನೆದ ಸುರುಳಿ, ಒಂದರಲ್ಲಿ ಕುದಿನೀರಲ್ಲಿ ನೆನೆದದ್ದು, ಇನ್ನೊಂದರಲ್ಲಿ ಸುಣ್ಣದ ತಿಳಿಯಲ್ಲಿ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿದ್ದು ಎಲ್ಲಕ್ಕಿಂತ ಸ್ವಚ್ಛವಾಯಿತು. ನಾನು ಶಹಭಾಸ್ ಎಂದೆ. ಅದರ ಹಲಗೆ ಗಟ್ಟಿಯೂ ಆಯಿತು, ಆದರೆ ಬಗ್ಗಿಸಿದರೆ ಪಟ್ಟನೆ ಮುರಿಯಿತು. ಸೋಡಾ ಮರದ ನಾರನ್ನೇ ತಿಂದುಹಾಕಿತ್ತು. "ಹೊಲಸು ತೆಗೀಬೇಕು, ಜೀವಾ ತೆಗೀಬಾರದು," ಎಂದು ಆ ಗ್ಲಾಸನ್ನು ಪಕ್ಕಕ್ಕಿಟ್ಟರು. ಕೊನೆಗೆ ಕುದಿನೀರು, ಆಮೇಲೆ ಸುಣ್ಣದ ತಿಳಿ, ಕಲಸುವಾಗ ಸುರುಳಿ ಹಸಿಯಾಗಿಯೇ ಇರಬೇಕು ಎಂಬಲ್ಲಿಗೆ ಬಂದು ನಿಂತರು. ಒಣಗಿದ ಸುರುಳಿ ಸಿಮೆಂಟಿನ ಪಾಲಿನ ನೀರನ್ನೂ ಕುಡಿದುಬಿಡುತ್ತದೆ.

ಮರ ಯಾವುದಾದರೂ ಆಗಬಹುದಿತ್ತು. ಅವರು ಹಟಕ್ಕೆ ಬಿದ್ದು ಜಾಲಿಯನ್ನೇ ಆರಿಸಿಕೊಂಡರು. ಜಾಲಿಯ ಚೊಗರು ಸುಲಭಕ್ಕೆ ಬಿಡುವುದಿಲ್ಲ. ಬೇರೆ ಮರ ತಗೊಳ್ಳಬಾರದೆ ಎಂದರೆ, "ಎಲ್ಲಾರೂ ಇದಕ್ಕ ಬೈತಾರ, ಆದ್ರೂ ಎಲ್ಲಾ ಕಡಿ ಬೆಳೀತದ. ನನಗ ಇದೇ ಬೇಕು," ಎನ್ನುತ್ತಿದ್ದರು.

ಅವರು ಹಲಗೆ ಮಾಡಲೆಂದು ನೌಕರಿಯಿಂದ ಸ್ವಯಂ ನಿವೃತ್ತಿ ತಗೊಳ್ಳುತ್ತೇನೆ ಎಂದಾಗ ಕಾಲೇಜಿನಲ್ಲಿ ಎಲ್ಲರೂ ಬುದ್ಧಿ ಹೇಳಿದರು. ನಿಜವಾಗಿ ಜಗಳ ಆಡಿದವನು ಅವರ ತಮ್ಮ ಒಬ್ಬನೇ. ಮೆಹಕರದಲ್ಲಿ ಹೊಲ ಮಾಡಿಕೊಂಡಿದ್ದವನು, ಸುದ್ದಿ ಕೇಳಿ ಮೈಲೂರಿಗೆ ಬಂದ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಅಕ್ಕಾ, ಅಪ್ಪ ಮಂದಿ ಮನಿ ಕಟ್ಟಲಿಕ್ಕ ಮಣ್ಣ ಕಲಸಿ ಕಲಸೇ ಸತ್ತ. ನಿನಗ ಓದಿಸಿದ್ದು ಯಾಕ? ತಿರಗಿ ಭೂಸಾ ಕಲಸಲಿಕ್ಕೇನು?"

"ಅಪ್ಪ ಮಂದಿ ಹೇಳಿದಂಗ ಕಲಸಿದ. ನಾ ನನ್ನ ಲೆಕ್ಕದಾಗ ಕಲಸ್ತೇನಿ. ಎರಡೂ ಒಂದೇ ಏನೋ?"

"ನೋಡೋ ಮಂದಿಗೆ ಒಂದೇ."

"ನೋಡೋ ಮಂದಿನ್ನ ನೋಡಿ ನಾವ್ಯಾಕ ಬದಕಬೇಕೋ?"

ಅವನು ಚಹಾ ಮುಟ್ಟದೆ ಎದ್ದು ಹೋದ. ಆಮೇಲೆ ಬೀದರ್ ಹತ್ತಿರದ ಕೊಳಾರದಲ್ಲಿ ಶೆಡ್ ಹಿಡಿದಾಗ, ಬದುವಿನ ಜಾಲಿ ಕಡಿಸಿ ಟ್ರ್ಯಾಕ್ಟರಿನಲ್ಲಿ ತಂದು ಸುರುವಿದವನೂ ಅವನೇ. ಸುರುವಿ, ಮಾತಾಡದೆ ಹೋದ. ಇಬ್ಬರದೂ ಒಂದೇ ರಕ್ತ.

ಕೊಳಾರದ ಶೆಡ್ಡಿನಲ್ಲಿ ಕೆಲಸಕ್ಕೆ ಬಂದವರೆಲ್ಲ ಹೆಂಗಸರು. ಅವರ ಮುಂದಾಳು ರತ್ನಾಬಾಯಿ. ಹಿಂದೆ ಕಲ್ಲಿನ ಖಡಿ ಒಡೆಯುವ ಕೆಲಸ ಮಾಡಿದ ಗಟ್ಟಿಗಿತ್ತಿ. ಶೆಡ್ಡಿನ ಬಾಗಿಲಲ್ಲೇ ಒಂದು ಕೊಡ, ಒಂದು ಗ್ಲಾಸು. ಯಾರೇ ಬರಲಿ, ಅದರಲ್ಲೇ ನೀರು ಕುಡಿಯಬೇಕು. ಹಲಗೆ ನೋಡಲು ಬಂದ ಗುತ್ತಿಗೆದಾರನೊಬ್ಬ ತಾನು ತಂದ ಬಾಟ್ಲಿ ತೆಗೆದಾಗ ಇವರು, "ಬಾಯಾರಿಕಿ ನಿಮ್ಮದು, ನಿಮ್ಮ ನೀರ ಕುಡೀರಿ. ಹಲಗಿ ಮಾತ್ರ ನನ್ನ ಹಂತೇಕ ಕೇಳಬ್ಯಾಡ್ರಿ," ಎಂದು ಹೊರಗೆ ಕಳಿಸಿದರು.

ಒಟ್ಟಿಗೆ ಮಾಡಿದ ಪ್ರತಿ ಮಾಲಿನಲ್ಲೂ ಒಂದು ಹಲಗೆಗೆ ಮೊಳೆಯ ಪರೀಕ್ಷೆ. ಎಲ್ಲರೂ ನಡುವೆ ಮೊಳೆ ಬಡಿದರೆ ಇವರು ಅಂಚಿನಲ್ಲಿ, ಒಂದು ಬೆರಳು ಬಿಟ್ಟು ಬಡಿಯುತ್ತಿದ್ದರು. ಮರ ಸರಿಯಾಗಿ ತೊಳೆದಿರದಿದ್ದರೆ ಸಿಮೆಂಟು ಅದನ್ನು ಹಿಡಿದಿರುವುದಿಲ್ಲ, ಅಂಚು ಉದುರುತ್ತದೆ. ಉದುರದಿದ್ದರೆ, ಆ ಮೊಳೆಗೆ ತಮ್ಮ ಚೀಲವನ್ನು ಡಬ್ಬಿ, ಸುತ್ತಿಗೆ ಸಮೇತ ತೂಗುಹಾಕಿ ಕೆಲಸಕ್ಕೆ ಹೋಗುವರು. ಸಂಜೆಯ ತನಕ ಚೀಲ ಅಲ್ಲೇ ಇದ್ದರೆ ಆ ಮಾಲು ಪಾಸು. ಊಟದ ಡಬ್ಬಿ ಅದರಲ್ಲೇ ಇರುತ್ತಿದ್ದರಿಂದ ಪರೀಕ್ಷೆಯ ದಿನ ಅವರ ಊಟ ಸಂಜೆಗೇ ಆಗುತ್ತಿತ್ತು. ಅವತ್ತು ಮಾತಾಡಿಸಲು ಹೋಗದಿರುವುದೇ ಕ್ಷೇಮ.

ಹಲಗೆ ಸರಿಯಾಗಿ ಬರುತ್ತಿದೆ ಎಂದಾದ ಮೇಲೆ ಅವರು ಔರಾದಿನ ಸಮಿತಿಯ ಮುಂದೆ ಹೋದರು. ನಾನೂ ಹೋಗಿದ್ದೆ. ಅಧ್ಯಕ್ಷರು ಊರಿನ ದೊಡ್ಡ ವ್ಯಾಪಾರಿ, ಮಾತು ಬಲ್ಲವರು.

"ಹುಡುಗ್ಯಾರ ತಲಿ ಮ್ಯಾಲ ಪ್ರಯೋಗ ಮಾಡಲಿಕ್ಕಾಗಂಗಿಲ್ರಿ ಮೇಡಮ್. ಕೂಡಲಾರದ್ದು ಕೂಡಸಲಿಕ್ಕ ಹೋದ್ರ ಬೀಳ್ತದ. ನಿಮ್ಮ ಮಂದಿಗೆ ಈಗ ಎಲ್ಲಾದರಾಗೂ ಅವಸರ ಬಂದದ."

ನಾನು ಕುರ್ಚಿಯ ತುದಿಗೆ ಸರಿದೆ.

"ಯಾರ ಮಂದಿ ಅಂದ್ರಿ?" ಎಂದು ಇವರು ಕೇಳಿದರು, ಮೆತ್ತಗೆ.

"ಅಂದ್ರ... ಓದಿದ ಮಂದಿ."

ಇವರು ಜೋರಾಗಿ ನಕ್ಕರು. "ಓದಿದ ಮಂದಿ ಅಂದ್ರ ಖರೇನೇ ಅದ. ಹಂಗಾರ ಕೇಳ್ರಿ. ಬ್ಯಾಸಗಿಗಿಂತ ಮೊದಲ ಹಲಗಿ ಹಾಕ್ತೇನಿ. ಬ್ಯಾಸಗಿ ಮುಗಿಯೋತನಾ ಅದರ ಕೆಳಗ ಹುಡುಗ್ಯಾರು ಬ್ಯಾಡ, ನಾನೇ ಕೂಡ್ತೇನಿ. ಒಂದ ತುಂಡ ಬಿದ್ರೂ ಎಲ್ಲಾ ಕಿತ್ತಿ ಒಯ್ತೇನಿ, ಮತ್ತ ಔರಾದಿನಾಗ ಹಲಗಿ ಹೆಸರ ಎತ್ತಂಗಿಲ್ಲ."

ಅಧ್ಯಕ್ಷರು ಒಪ್ಪಿದರು. ಬಿದ್ದೇ ಬೀಳುತ್ತದೆ ಎಂಬ ನಂಬಿಕೆಯ ಮೇಲೆ ಒಪ್ಪಿದರು.

ಬಿದ್ದದ್ದು ಔರಾದಿನಲ್ಲಲ್ಲ, ಕೊಳಾರದಲ್ಲಿ. ಓದುವ ಕೋಣೆಗೆಂದು ಮಾಡಿದ ಮಾಲಿನ ಮೊದಲ ಹಲಗೆಗೆ ಮೊಳೆ ಬಡಿದರು, ಅಂಚು ಉದುರಿತು. ಎರಡನೆಯದೂ ಉದುರಿತು. ಅಲ್ಲಿಂದಾಚೆ ತಾಳ್ಮೆಯ ಮೂರ್ತಿ ಏನು ಮಾಡಿದರು ಎಂಬುದನ್ನು ಭಾಷಣಕಾರರು ಕೇಳಿಸಿಕೊಳ್ಳಬೇಕು. ಸಿಮೆಂಟಿನ ಅಂಗಡಿಗೆ ಹೋಗಿ ಹಳೆಯ ಸಿಮೆಂಟು ಕೊಟ್ಟೆ ಎಂದು ಜಗಳ ತೆಗೆದರು. ಹೊಸ ಚೀಲ ಒಡೆಸಿ ನೋಡಿದರೆ ಸಿಮೆಂಟು ಚೆನ್ನಾಗಿತ್ತು. ತಮ್ಮನಿಗೆ ಫೋನು ಮಾಡಿ ಎಳೆಯ ಜಾಲಿ ಕಡಿಸಿದೆ ಎಂದು ಬೈದರು, ಜಾಲಿ ಮೊದಲಿನದೇ. ನಾನು ಶೆಡ್ಡಿಗೆ ಹೋದಾಗ ನನ್ನನ್ನೂ ಬೈದರು, ಯಾತಕ್ಕೆಂದು ನೆನಪಿಲ್ಲ.

ಬೈದು, ಕೈಗೆ ಮೆತ್ತಿದ ಸಿಮೆಂಟು ತೊಳೆಯಲು ಸುರುಳಿ ನೆನೆಹಾಕುವ ಹೌದಿನಲ್ಲಿ, ಅಂದರೆ ನೀರಿನ ತೊಟ್ಟಿಯಲ್ಲಿ, ಕೈ ಅದ್ದಿದರು. ತೆಗೆದಾಗ ಅಂಗೈ ಕಂದು ಬಣ್ಣವಾಗಿತ್ತು. ಅವರು ಅದನ್ನೇ ನೋಡುತ್ತ ನಿಂತರು. ಆಮೇಲೆ ಹೌದಿನ ಕಟ್ಟೆಯ ಮೇಲೆ ಕೂತುಬಿಟ್ಟರು.

"ರತ್ನಾಬಾಯಿ, ಈ ನೀರ ಬದಲಿ ಮಾಡಿಲ್ಲೇನು?"

"ಇಲ್ರಿ ಬಾಯಾರ. ನೀವೇ ಹೇಳಿದ್ರಲ್ರಿ, ನೀರ ಚೆಲ್ಲೋ ಮಾತ ನನ್ನ ಮುಂದ ಆಡಬ್ಯಾಡ ಅಂತ."

ಅದು ನಿಜ. ಲ್ಯಾಬಿನಲ್ಲಿ ಗ್ಲಾಸಿಗೊಂದು ಹೊಸ ನೀರು ಬಳಸಿದ ಅದೇ ಹೆಂಗಸು, ಶೆಡ್ಡಿಗೆ ಬಂದ ಮೇಲೆ ಹೌದಿನ ನೀರು ಚೆಲ್ಲಲು ಬಿಟ್ಟಿರಲಿಲ್ಲ. ಕುದಿಸಿ, ಅದರಲ್ಲೇ ಮತ್ತೆ ಹೊಸ ಸುರುಳಿ, ಮತ್ತೆ ಕುದಿಸಿ ಅದರಲ್ಲೇ. ಹಿಂದಿನ ಮಾಲು ಬಿಟ್ಟ ಸಕ್ಕರೆ, ಚೊಗರನ್ನೆಲ್ಲ ಹೊಸ ಮಾಲು ಕುಡಿದು ಕೂತಿತ್ತು. ತೊಳೆಯುವ ನೀರೇ ಹೊಲಸಾಗಿತ್ತು.

ನಾನು ಸುಮ್ಮನಿರಬೇಕಿತ್ತು. "ಇಷ್ಟ ಅಲ್ರಿ? ಚೆಲ್ಲಿಬಿಡ್ರಿ, ಟ್ಯಾಂಕರ್ ತರಸೂಣು," ಎಂದೆ.

ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಆಮೇಲೆ ಎಂದೂ ಹೇಳದ ಮಾತು ಹೇಳಿದರು.

"ಸೂಟಿಗೆ ಅವ್ವನ ತವರಮನಿಗೆ ಹೋಗ್ತಿದ್ದೆವು ಸರ್. ಆ ಊರ ಹೆಸರ ಹೇಳಂಗಿಲ್ಲ. ಅಲ್ಲಿ ಬಾವಿ ನಮ್ಮ ಮಂದಿ ಮುಟ್ಟಂಗಿರಲಿಲ್ಲ. ಯಾರರ ಬಂದು ಮ್ಯಾಲಿಂದ ಸುರುವೋತನಾ ಕೊಡ ಹಿಡಕೊಂಡು ನಿಂದರಬೇಕು. ಎಲ್ಲಾರ ಪಾಳಿ ಮುಗದ ಮ್ಯಾಲ ನಮಗ. ಅಷ್ಟೊತ್ತಿಗೆ ನೀರ ರಾಡಿ ಆಗಿರ್ತಿತ್ತು. ಒಂದ ಹನಿ ಚೆಲ್ಲಿದ್ರ ಅವ್ವ ನನ್ನ ಕೈಮ್ಯಾಲ ಹೊಡೀತಿದ್ಳು. ನಾ ಎಂ.ಎಸ್ಸಿ. ಮಾಡೀನಿ, ಸಕ್ಕರಿ ಎಲ್ಲಿಂದ ಬರ್ತದ, ಎಲ್ಲಿ ಹೋಗ್ತದ ಎಲ್ಲಾ ಗೊತ್ತದ. ಆದ್ರ ಈ ಕೈ ಇನ್ನೂ ಅವ್ವಂದೇ ಅದ."

ರತ್ನಾಬಾಯಿ ಸೆರಗು ಬಾಯಿಗೆ ಇಟ್ಟುಕೊಂಡಳು. ನಾನು ನೆಲ ನೋಡಿದೆ. ಬಸವಣ್ಣನ ಮಾತು ಬಾಯಿಪಾಠ ಮಾಡಿಕೊಂಡು ಬೆಳೆದ ಮನೆ ನಮ್ಮದು. ನೀರು ಎಂದರೆ ನಳ ತಿರುವಿದರೆ ಬರುವುದು ಎಂದು ನಾನು ತಿಳಿದಿದ್ದೆ.

"ಹಂಗಾರ ಏನ್ ಮಾಡ್ತೀರಿ?" ಎಂದು ಕೇಳಿದೆ.

"ನೀರ ಚೆಲ್ಲಂಗಿಲ್ಲ," ಎಂದರು. "ಹಲಗೀನೂ ಬಿಡಂಗಿಲ್ಲ."

ಹಾಗೆಂದವರು ಥಟ್ಟನೆ ಎದ್ದರು. "ಅವ್ವ ರಾಡಿ ನೀರ ಚೆಲ್ತಿದ್ದಿಲ್ಲ ಸರ್. ರಾಡೀಲೆ ಮೊದಲ ಭಾಂಡಿ ತಿಕ್ಕಿ, ತಿಳೀ ನೀರಿಲೆ ಕಡೀಗೆ ಗಲಬರಸ್ತಿದ್ಳು. ನಾ ಚೆಲ್ಲಬಾರದು ಅನ್ನೋದಷ್ಟ ಕಲತೆ, ಪಾಳಿ ಹಚ್ಚೋದು ಕಲೀಲಿಲ್ಲ."

ಮರುದಿನವೇ ಒಂದು ಹೌದು ಮೂರಾಯಿತು. ಸುರುಳಿ ಮೊದಲು ಹಳೆಯ ಕಂದು ನೀರಿಗೆ ಇಳಿಯಬೇಕು, ಆಮೇಲೆ ಅದಕ್ಕಿಂತ ತಿಳಿಯಾದ ನೀರಿಗೆ, ಕೊನೆಗೆ ಹೊಸ ನೀರಿಗೆ. ಹೊಸ ನೀರು ಕೊಂಚ ಬಣ್ಣ ತಿರುಗಿದರೆ ನಡುವಿನ ಹೌದಿಗೆ, ಅಲ್ಲಿಂದ ಮೊದಲಿನದಕ್ಕೆ. ಏನೂ ಮಾಡಲಾಗದಷ್ಟು ಕಂದಾದದ್ದನ್ನು ಅಂಗಳದ ಧೂಳಿಗೆ ಹೊಡೆಯುತ್ತಿದ್ದರು. ಒಂದು ಹನಿ ಚರಂಡಿಗೆ ಹೋಗಲಿಲ್ಲ.

ಹಲಗೆ ತಡವಾಗುತ್ತದೆ ಎಂದು ಸಮಿತಿಗೆ ಹೇಳಬೇಕಾಗಿತ್ತು. ಏನಾದರೂ ನೆಪ ಹೇಳಬಹುದಿತ್ತು, ನಾನು ನಾಲ್ಕಾರು ನೆಪ ಯೋಚಿಸಿಯೂ ಇಟ್ಟಿದ್ದೆ. ಅವರು ಹೋಗಿ ನೇರವಾಗಿ ಹೇಳಿದರು.

"ಮಾಲ ಖರಾಬ್ ಆಯ್ತು. ತಪ್ಪ ನಂದು. ಕಟ್ಟಿಗೀದಲ್ಲ, ಸಿಮೆಂಟಿಂದಲ್ಲ, ನನ್ನ ಮಂದೀದೂ ಅಲ್ಲ. ನನ್ನ ಒಬ್ಬಾಕಿದು."

ಅಧ್ಯಕ್ಷರು ಕುರ್ಚಿಗೆ ಒರಗಿದರು. "ನಾವ್ ಮೊದಲೇ ಹೇಳಿದ್ವಿ. ಇನ್ನ ಈ ವಿಷಯ ಬಿಡೂಣು."

"ಬಿಡಂಗಿಲ್ರಿ. ನೀವ್ ಹಾಕಿಸಿದ ಪಿಒಪಿ ಬಿತ್ತಲ್ಲ, ಆವಾಗ ಯಾರರ ನಿಮ್ಮ ಮಂದಿಗೆ ಅವಸರ ಭಾಳ ಅಂದ್ರೇನು? ಪ್ಲೈವುಡ್ಡಿಗೆ ಹುಳ ಹತ್ತಿದಾಗ ನಿಮ್ಮ ಹೆಸರ ಕೇಳಿದ್ರೇನು? ಇನ್ನೊಂದು ಹಾಕಿಸಿದ್ರಿ, ಅಷ್ಟೇ. ಒಮ್ಮೆ ತಪ್ಪ ಮಾಡಿ ಮತ್ತ ಮಾಡೋ ಹಕ್ಕ ನಿಮಗ ಅದ ಅಂದ್ರ, ನನಗೂ ಅದ."

ಸಮಿತಿಯಲ್ಲಿದ್ದ ಒಬ್ಬ ಮುದುಕರು, "ಆಕಿ ಹೇಳೋದು ಬರೋಬರಿ ಅದ," ಎಂದರು. ಅಷ್ಟು ಸಾಕಾಯಿತು.

ಬೇಸಿಗೆ ಬಂದಾಗ ಹಲಗೆ ಛತ್ತಿಗೇರಿತ್ತು; ವೇದಿಕೆಯ ಹಿಂದಿನ ಅಡ್ಡಗೋಡೆಯೂ ಅದರದೇ. ಇವರು ಹೇಳಿದಂತೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಧ್ಯಾಹ್ನವೆಲ್ಲ ಅದರ ಕೆಳಗೆ ಕೂತರು, ಪೇಪರ್ ಓದುತ್ತ, ಬರುವವರಿಗೆಲ್ಲ "ಬಿದ್ದದೇನು ನೋಡ್ರಿ" ಎನ್ನುತ್ತ. ಅಧ್ಯಕ್ಷರು ಮೊದಮೊದಲು ಬಾಗಿಲಲ್ಲೇ ನಿಂತು ವಿಚಾರಿಸಿ ಹೋಗುತ್ತಿದ್ದರು. ಬಿಸಿಲು ಏರಿದ ಹಾಗೆ ಒಳಗೆ ಬಂದು ನಿಂತರು. ಒಂದು ದಿನ ನೋಡಿದರೆ ಅಲ್ಲೇ ಇನ್ನೊಂದು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಹುಡುಗಿಯರು ಬೇಸಿಗೆ ಮುಗಿಯುವ ತನಕ ಕಾಯಲಿಲ್ಲ. ಅಧ್ಯಕ್ಷರೇ ಒಳಗೆ ಮಲಗುವುದಾದರೆ ನಾವು ಯಾಕೆ ಹೊರಗೆ ಎಂದು ಪುಸ್ತಕ ತಂದು ಕೂತರು. ಮಧ್ಯಾಹ್ನವೂ ಎದ್ದು ಹೋಗಲಿಲ್ಲ.

ಉದ್ಘಾಟನೆಗೆ ಬಂದ ಅತಿಥಿಗಳು ಒಳ್ಳೆಯ ಮಾತುಗಾರರು. ಕಟ್ಟಿಗೆಯೂ ಸಿಮೆಂಟೂ ಭೇದ ಮರೆತು ಒಂದಾದ ಹಾಗೆ ನಮ್ಮ ಸಮಾಜವೂ ಒಂದಾಗಲಿ ಎಂದರು. ಚಪ್ಪಾಳೆ ಬಿತ್ತು, ನಾನೂ ಹೊಡೆದೆ. ಇವರು ಎದ್ದು ಮೈಕು ಹಿಡಿದರು.

"ಕೂಡಸೋದಕ್ಕಿಂತ ಮೊದಲ ಕುದೀ ನೀರಾಗ ನೆನಿ ಹಾಕಬೇಕಾಗ್ತದ್ರಿ. ಯಾರನ್ನ ಮೊದಲ ಹಾಕೂಣು, ಹೇಳ್ರಿ."

ಹುಡುಗಿಯರು ಕಿಸಕ್ಕನೆ ನಕ್ಕರು. "ಇದು ಹಲಗಿರಿ," ಎಂದರು ಇವರು. "ತಲಿ ಮ್ಯಾಲಿನ ಬಿಸಿ ತಡೀತದ. ಅದಕ್ಕ ಅಷ್ಟ ಕೆಲಸ ಹೇಳ್ರಿ, ಸಾಕು." ಬಸ್ಸಿನಲ್ಲಿ ಬರುವಾಗ ನನಗೂ ಪಾಲು ಸಿಕ್ಕಿತು: "ನೀವ್ಯಾಕ ಚಪ್ಪಾಳಿ ಹೊಡದ್ರಿ? ನೀವು ಕನ್ನಡದೋರು ಒಂದ ಹಲಗೀನ ಹಲಗಿ ಆಗಿ ಇರಲಿಕ್ಕ ಬಿಡಂಗಿಲ್ಲ."

ಅದಾದ ಮೇಲೂ ಹಲವು ಬೇಸಿಗೆ ಅವರು ಕೊಳಾರಕ್ಕೆ ಹೋದರು. ಕಾಯಿಲೆ ಬಂದದ್ದನ್ನು ಯಾರಿಗೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ನೋಡಲು ಹೋದಾಗ, ಡಾಕ್ಟರು ಇನ್ನು ಏಳುವುದು ಕಷ್ಟ ಎಂದಿದ್ದಾರೆ ಎಂದು ಅವರ ತಮ್ಮ ನನ್ನ ಕಿವಿಯಲ್ಲಿ ಹೇಳಿದ. ಹಾಸಿಗೆಯಿಂದ ದನಿ ಬಂತು: "ಯಾರ ಹೇಳ್ಯಾರ?" ಅದೊಂದು ಸಲ ಮಾತ್ರ ಹೇಳಿದವರ ಮಾತು ನಿಜವಾಯಿತು. ನನಗೆ ಈಗಲೂ ಅದು ಅನ್ಯಾಯವೆಂದೇ ಅನಿಸುತ್ತದೆ.

ಈಗ ಮತ್ತೆ ಶ್ರದ್ಧಾಂಜಲಿ ಸಭೆಗೆ ಬರುತ್ತೇನೆ. ಭಾಷಣ ಮುಗಿದ ಮೇಲೆ ಅಧ್ಯಕ್ಷರು ಹಾರ ಹಾಕಿದ ಫೋಟೋವನ್ನು ವೇದಿಕೆಯ ಹಿಂದೆ ತೂಗುಹಾಕಿಸಲು ಮುಂದಾದರು. ಒಬ್ಬ ಮೊಳೆ ಹಿಡಿದು ಗೋಡೆಯ ಹತ್ತಿರ ಹೋದ.

"ಅಂಚಿಗೆ ಬ್ಯಾಡಪ್ಪ, ಒಡೀತದ," ಎಂದರು ಅಧ್ಯಕ್ಷರು. "ನಡುವ ಬಡಿ, ಸಾವಕಾಶ."

ಇಷ್ಟು ಬೇಸಿಗೆ ಆ ಹಲಗೆಯ ಕೆಳಗೆ ತಂಪಾಗಿ ನಿದ್ದೆ ಮಾಡಿದ ಮನುಷ್ಯ!

ಹಿಂದಿನ ಸಾಲಿನಿಂದ ರತ್ನಾಬಾಯಿ ಎದ್ದು ಬಂದಳು. ಹೆಗಲ ಮೇಲೆ ಮೇಡಮ್ ಅವರ ಅದೇ ಕ್ಯಾನ್ವಾಸ್ ಚೀಲ. ವೇದಿಕೆ ಹತ್ತಿ, ಅವನ ಕೈಯಿಂದ ಮೊಳೆ ಇಸಿದುಕೊಂಡು, ಚೀಲದಿಂದ ಸುತ್ತಿಗೆ ತೆಗೆದಳು. ಹಲಗೆಯ ಅಂಚು ಹುಡುಕಿ, ಒಂದು ಬೆರಳು ಇಟ್ಟು ಅಳೆದಳು. ಅಧ್ಯಕ್ಷರು "ಏ, ಏ" ಎನ್ನುತ್ತಿರುವಾಗಲೇ ಬಡಿದಳು. ಮೊಳೆ ಇಳಿಯಿತು. ಒಂದು ಚೂರೂ ಉದುರಲಿಲ್ಲ.

ಅಧ್ಯಕ್ಷರು ಫೋಟೋ ಮುಂದೆ ಚಾಚಿದರು. ರತ್ನಾಬಾಯಿ ಅದನ್ನು ತಗೊಳ್ಳಲಿಲ್ಲ. ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಚೀಲವನ್ನೇ ಮೊಳೆಗೆ ತೂಗುಹಾಕಿದಳು.

"ಸಂಜಿತನಾ ಇರಲ್ರಿ," ಎಂದಳು. "ಆಮ್ಯಾಲ ಫೋಟೋ ಹಾಕ್ರಿ."

ಹೇಳಿ, ವೇದಿಕೆಯ ಅಂಚಿನಲ್ಲೇ ಕಾಲು ಇಳಿಬಿಟ್ಟು ಕೂತಳು. ಕೊಳಾರದ ಹೆಂಗಸರೆಲ್ಲ ಬಂದು ಅವಳ ಪಕ್ಕ ಕೂತರು. ಮೇಡಮ್ ಅವರ ತಮ್ಮನೂ ಕೂತ. ಹೊರಗೆ ಬಿಸಿಲು ಸುಡುತ್ತಿತ್ತು. ಹುಡುಗಿಯರು ಪುಸ್ತಕ ತೆಗೆದು ಓದತೊಡಗಿದರು. ಅಧ್ಯಕ್ಷರು ಎಲ್ಲಿಗೆ ಹೋಗುವುದೆಂದು ತಿಳಿಯದೆ, ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು, ಸಂಜೆಯಾಗುವುದನ್ನು ಕಾಯುತ್ತ.